ಅಪ್ಪ ಹರಿದು ಹಾಕಿದ ಉತ್ತರಗಳು

ರವೀಂದ್ರನಗರದ ರಿಪೇರಿ ಅಂಗಡಿಯಲ್ಲಿ ಇವತ್ತು ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿದರು. ಒಳಗಿನ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಭದ್ರಾವತಿಯ ಸೈಬರ್ ಸೆಂಟರಿನಲ್ಲಿ ಅಪ್ಪನ ಪಕ್ಕ ಕೂತಿದ್ದೆ.

ಅಪ್ಪ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಟೆಕ್ನಾಲಜಿ ಸುದ್ದಿಯ ಕನ್ನಡ ವೆಬ್‌ಸೈಟೊಂದರ ಚರ್ಚಾಕಟ್ಟೆಯಲ್ಲಿ ಯಾರ್ಯಾರೋ ಯುಪಿಎಸ್ ಕೆಟ್ಟಿದೆ, ಮಾನಿಟರ್ ಹತ್ತುತ್ತಿಲ್ಲ ಎಂದು ಕೇಳುತ್ತಿದ್ದರು. ಅಪ್ಪನಿಗೆ ಟೈಪಿಂಗ್ ಬಾರದು. ವಾರವಿಡೀ ಹಳೆಯ ಶಿಫ್ಟ್ ಚಾರ್ಟುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಉತ್ತರ ಬರೆದಿಟ್ಟುಕೊಂಡು, ಭಾನುವಾರ ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದರು. ಎಲ್ಲ ಉತ್ತರಗಳಿಗೂ ಮೊದಲ ಸಾಲು ಒಂದೇ: “ಮೊದಲು ಪ್ಲಗ್ ತೆಗೀರಿ ಮಾರಾಯ್ರೆ, ಜೀವ ದೊಡ್ಡದು.”

ಮೊದಲ ಭಾನುವಾರವೇ, ಟೈಪ್ ಮಾಡಿ ಮುಗಿದ ಪೆನ್ಸಿಲ್ ಹಾಳೆಗಳನ್ನು ಅವರು ಮಡಿಚಿ ಜೇಬಿಗಿಟ್ಟುಕೊಳ್ಳಲು ಹೋದಾಗ ನಾನು ರೇಗಿದೆ. “ಇಂಟರ್ನೆಟ್ಟಲ್ಲಿ ಇರುತ್ತಲ್ಲಪ್ಪ, ಈ ಕಸ ಯಾಕೆ?”

“ಅಲ್ಲಿಂದ ಅಳಿಸಿ ಹೋಗಲ್ವಾ?”

“ಯಾವತ್ತೂ ಹೋಗಲ್ಲ.”

ಅಪ್ಪ ನನ್ನ ಮಾತು ನಂಬಿದರು. ಅವತ್ತಿನಿಂದ ಪ್ರತಿ ಭಾನುವಾರ ಹಾಳೆಗಳನ್ನು ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದರು.

ಇವತ್ತು ರಿಪೇರಿ ಅಂಗಡಿಯಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. ಆ ವೆಬ್‌ಸೈಟ್ ಇಲ್ಲ. ಅಪ್ಪನೂ ಇಲ್ಲ. ಮನೆಯಲ್ಲಿ ಅವರ ಕೈಬರಹದ ಒಂದು ಸಾಲೂ ಇಲ್ಲ. ಅಕ್ಷರ ಹೇಗಿತ್ತೆಂದು ಎಷ್ಟು ಯೋಚಿಸಿದರೂ ಕಣ್ಣಿಗೆ ಬರುತ್ತಿಲ್ಲ, ಹಾಳೆ ಹರಿಯುವ ಸದ್ದು ಮಾತ್ರ ಕೇಳಿಸುತ್ತದೆ.