ಇಂಗ್ಲಿಷ್ ಗಡಿಯಾರ ಮುಟ್ಟದ ಮುಳ್ಳು ಮಾವ

ಬೀದಿಯವರು ಅವನಿಗಿಟ್ಟ ಹೆಸರು ಮುಳ್ಳು ಮಾವ. ಸರಿಮಾಡುತ್ತಿದ್ದುದು ಗಡಿಯಾರದ ಮುಳ್ಳು, ಆಡುವ ಮಾತೂ ಅದೇ ಜಾತಿಯದು. ಎಂಥ ಹಾಳು ಗಡಿಯಾರ ತಂದರೂ ಇಲ್ಲವೆನ್ನದವನು ಇಂಗ್ಲೆಂಡಿನದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅವನ ಅಪ್ಪ ಅಂಗಡಿಯಲ್ಲಿ ಎಳೆದುಹೋದ ಗೆರೆ. ಯಾಕೆಂದು ಅಪ್ಪ ಹೇಳಲಿಲ್ಲ, ಇವನೂ ಕೇಳಲಿಲ್ಲ. ಬ್ರಿಟಿಷರ ಮೇಲಿನ ಬೈಗುಳ ಮಾತ್ರ ಬಾಯಿಪಾಠವಾಗಿತ್ತು.

ಅಂಥವನ ಒಬ್ಬಳೇ ಮಗಳು ಕಟ್ಟಿಕೊಂಡದ್ದು ಇಂಗ್ಲೆಂಡಿನವನನ್ನೇ. ಮದುವೆಗೆ ಇವನು ಹೋಗಲಿಲ್ಲ. ಈಗ ಅವಳು ಗಂಡನೊಡನೆ ಇಂಗ್ಲೆಂಡಿನಿಂದ ಬಂದು, ನಿಂತುಹೋದ ಮೇಜಿನ ಗಡಿಯಾರವೊಂದನ್ನು ಅಪ್ಪನ ಮುಂದಿಟ್ಟಳು. ಅಳಿಯನ ತೀರಿಹೋದ ತಾಯಿಯದಂತೆ.

"ಇದನ್ನ ನೀನು ಮುಟ್ಟಲ್ಲ ಅಂದ್ರೆ, ಅಪ್ಪ, ನಮ್ಮನ್ನೂ ದೂರ ಇಟ್ಟೆ ಅಂತ ತಿಳ್ಕೋತೀನಿ. ಮತ್ತೆ ಈ ಕಡೆ ತಲೆ ಹಾಕಲ್ಲ. ನಿನ್ನ ಕಾಯಿಲೆಗೆ ಹೆಸರೂ ಇದೆ. ಆಂಗ್ಲೋಫೋಬಿಯಾ."

"ಹಂಗಂದ್ರೆ?"

"ಬ್ರಿಟಿಷರನ್ನ ಕಂಡ್ರೆ ದ್ವೇಷ. ಅದು ಅರ್ಥ. ಮೂಲ ಬೇರೆ. ಆಂಗ್ಲೋ ಅನ್ನೋದು ಲ್ಯಾಟಿನ್ ಕಡೆಯದು, ಇಂಗ್ಲಿಷರು ಅಂತ. ಫೋಬಿಯಾ ಗ್ರೀಕು, ಭಯ ಅಂತ."

"ಭಯಾನಾ? ನಂಗಾ?"

ಅಳಿಯನ ಕಡೆ ನೋಡಿದ. ಆ ಪ್ರಾಣಿ ಪರೀಕ್ಷೆಗೆ ಬಂದವನಂತೆ ಸ್ಟೂಲಿನ ತುದಿಯಲ್ಲಿ ಮುದುಡಿ ಕೂತಿತ್ತು. ಯಾರಿಗೆ ಯಾರ ಭಯ ಎಂಬುದೇ ಮಾವನಿಗೆ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ಗಡಿಯಾರದ ಹಿಂದಿನ ಮುಚ್ಚಳ ಬಿಚ್ಚಿದ. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ತಮ್ಮ ಗುರುತು ಗೀಚುವುದು ಈ ಕಸುಬಿನ ವಾಡಿಕೆ. ಅಲ್ಲೂ ಯಾರೋ ಗೀಚಿದ್ದರು, ಇವನಂಥವರೇ. ಬೈಯಲು ಏನಾದರೂ ಸಿಕ್ಕೀತೆಂದು ತಡಕಿದ. ಜಿಡ್ಡುಗಟ್ಟಿದ ಎಣ್ಣೆ ಬಿಟ್ಟರೆ ಏನೂ ಇಲ್ಲ. ಪದಕ್ಕೆ ಮೂಲ ಸಿಕ್ಕಿತ್ತು, ಸಿಟ್ಟಿಗೆ ಸಿಗಲಿಲ್ಲ. ಅದು ತನ್ನದೋ ಅಪ್ಪನದೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು. ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು.

ಸಂಜೆಗೆ ಗಡಿಯಾರ ಟಿಕ್ ಎಂದಿತು. ಒಳಗೆ ಮಗಳು ಪೆಟ್ಟಿಗೆ ತುಂಬುತ್ತಿದ್ದಳು. ಸರಿಮಾಡಿದರೆ ಇವರು ಹೊರಡುತ್ತಾರೆ ಎನ್ನುವುದು ಅವನಿಗೆ ಆಗಲೇ ಹೊಳೆದದ್ದು. ಭಯ ಅವನಿಗೆ ಇದ್ದದ್ದು ನಿಜ.

ಅಪ್ಪನ ಕಾಲದ ಗುರುತನ್ನೇ ಮುಚ್ಚಳದೊಳಗೆ ಗೀಚಿ, ಗಡಿಯಾರವನ್ನು ಅಳಿಯನ ಕೈಗೇ ಕೊಟ್ಟ. ಚೆನ್ನಾಗಿ ತೊಳೆದ ಗಡಿಯಾರವನ್ನು ಎಷ್ಟೋ ವರ್ಷ ಬಿಚ್ಚಬೇಕಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ವರ್ಷಕ್ಕೊಂದ್ಸಲ ಬಿಚ್ಚಿ ತೊಳೀಬೇಕು ಇದನ್ನ," ಎಂದ. "ಅಲ್ಲಿ ಯಾರ ಕೈಗೂ ಕೊಡ್ಬೇಡಿ. ನೀವೇ ತಗೊಂಡ್ ಬನ್ನಿ."

ಅಂಗಡಿಯಲ್ಲೇ ಬೆಳೆದ ಹುಡುಗಿ ಅವಳು. ಅಪ್ಪ ಹೇಳಿದ್ದನ್ನು ಗಂಡನಿಗೆ ಅವನ ಭಾಷೆಯಲ್ಲಿ ತಿಳಿಸುವಾಗ ತೊಳೆಯುವ ಮಾತನ್ನು ಬಿಟ್ಟು, ವರ್ಷಕ್ಕೊಂದು ಸಲ ಬರಬೇಕಂತೆ ಎಂದಷ್ಟೇ ಹೇಳಿದಳು.