ಸ್ಕ್ರಮ್ಮಿನ ಮುಂದಿನ ಸಾಲು

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ನಮ್ಮ ಕಾಲೇಜು ಮೊದಲ ಸಲ ರಗ್ಬಿ ತಂಡ ಕಟ್ಟಿತು. ಚೆಂಡು ಹಿಡಿದು ಓಡುವವರು ಮೈಲಾಪೂರಿನ ಅನುಕೂಲಸ್ಥರ ಮನೆಯ ಹುಡುಗರು. ಚಪ್ಪಾಳೆಯೆಲ್ಲ ಅವರಿಗೆ. ನಾನು ಮುಂದಿನ ಸಾಲಿನವನು. ಎರಡೂ ಕಡೆಯ ದಪ್ಪ ಹುಡುಗರು ಬಗ್ಗಿ, ಭುಜಕ್ಕೆ ಭುಜ ಕೊಟ್ಟು ಗೂಳಿಗಳ ಹಾಗೆ ತಳ್ಳಾಡುವುದಕ್ಕೆ ಸ್ಕ್ರಮ್ ಎನ್ನುತ್ತಾರೆ. ಅದಕ್ಕೆ ಕತ್ತು ಕೊಡುವುದು ನನ್ನ ಕೆಲಸ. ಆಟದ ಕೋಟಾದಲ್ಲಿ ಸಿಕ್ಕ ಸೀಟು. ತಂಡದಿಂದ ಹೊರಬಿದ್ದರೆ ಕಾಲೇಜೂ ಇಲ್ಲ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ.

ಅಪ್ಪ ಮಣಲಿಯ ರಾಸಾಯನಿಕ ಕಾರ್ಖಾನೆಯಲ್ಲಿದ್ದ. ಹಾಗಾಗಿ ಕೋಚ್‌ಗೆ ನನ್ನ ಹೆಸರೇ ‘ಮಣಲಿ’. ನಾನು ಹತ್ತಿರ ಬಂದರೆ ಹುಡುಗರು ಮೂಗು ಮುಚ್ಚಿಕೊಂಡು, "ಗ್ಯಾಸ್ ಲೀಕ್ ಆಗುದುಡಾ" ಅನ್ನುವರು.

ಮೊದಲ ಪಂದ್ಯದ ದಿನ ರೆಫರಿ ಎಲ್ಲರ ಮೈ ತಡವಿ ನೋಡುತ್ತ ಬಂದ. ನನ್ನ ಎದೆಯ ಮೇಲೆ ಅವನ ಕೈ ನಿಂತಿತು. ನಮ್ಮದು ಲಿಂಗ ಕಟ್ಟುವ ಮನೆ. ಆಡುವಾಗ ಮೈಮೇಲೆ ಗಟ್ಟಿ ವಸ್ತು ಏನೂ ಇರಕೂಡದು ಎಂದ ರೆಫರಿ.

"ಏಯ್ ಮಣಲಿ, ತಾಯತ್ತು ಕಳಟ್ಟುಡಾ," ಬಿಚ್ಚಿ ಕೊಡು ಎಂದು ಕೋಚ್ ಕೈ ಚಾಚಿದರು.

"ತಾಯತ್ತು ಇಲ್ಲೆ ಸಾರ್. ಲಿಂಗಂ."

"ಕಳಟ್ಟು. ಇಲ್ಲೇನ್ನಾ ವೀಟ್ಟುಕ್ಕು ಪೋ."

ಮನೆಗೆ ಹೋದರೆ ಸೀಟೂ ಹೋದಂತೆ. ಬಿಚ್ಚಿದೆ. ಅವರ ಕೈಗೆ ಮಾತ್ರ ಕೊಡಲಿಲ್ಲ. ಒಗೆದ ಅಂಗಿಯ ಜೇಬಿನಲ್ಲಿಟ್ಟು, ನೆಲ ತಾಕದಂತೆ ಬೇವಿನ ಕೊಂಬೆಗೆ ಅಂಗಿಯನ್ನು ನೇತುಹಾಕಿದೆ. ಲಿಂಗ ಮೈಮೇಲೆ ಇಲ್ಲದಾಗ ತೊಟ್ಟು ನೀರೂ ಕುಡಿಯುವಂತಿಲ್ಲ, ಅಮ್ಮ ಕಲಿಸಿದ್ದು.

ಅರ್ಧ ಆಟಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎಲ್ಲರೂ ಬಾಟಲಿ ಎತ್ತಿದರು, ನಾನು ಎತ್ತಲಿಲ್ಲ.

"ತಣ್ಣಿ ಕುಡಿಡಾ, ಸೀನ್ ಪೋಡಾದೇ," ಎಂದು ಕೋಚ್ ರೇಗಿದರು. ನಾನು ತಲೆ ತಿರುಗಿ ಬಿದ್ದರೆ ಪ್ರಿನ್ಸಿಪಾಲರಿಗೆ ಏನು ಹೇಳುವುದು ಎಂಬ ಚಿಂತೆ ಅವರಿಗೆ. ನನ್ನ ಬಾಯಾರಿಕೆಯದಲ್ಲ.

ಬೇವಿನ ಮರದ ಕಡೆ ಓಡಿದೆ. ಕೈ ತೊಳೆದೆ, ಲಿಂಗ ಕಟ್ಟಿಕೊಂಡೆ, ನೀರು ಕುಡಿದೆ, ಮತ್ತೆ ಬಿಚ್ಚಿ ಜೇಬಿಗಿಟ್ಟೆ. ತಿರುಗಿ ಬರುವಷ್ಟರಲ್ಲಿ ವಿಸಿಲ್ ಊದಿಯಾಗಿತ್ತು. ನನ್ನ ಜಾಗದಲ್ಲಿ ಮೈಲಾಪೂರಿನವನೊಬ್ಬ ನಿಂತಿದ್ದ.

"ಪೂಜೆ ಮುಡಿಂಜುದಾ ಸಾಮಿ? ಉಕ್ಕಾರು," ಎಂದರು ಕೋಚ್. ಬೆಂಚಿನಲ್ಲಿದ್ದವರು ನಕ್ಕರು.

ನಾನು ಕೂರಲಿಲ್ಲ. ಸೀದಾ ಒಳಗೆ ಹೋಗಿ, ಸ್ಕ್ರಮ್ಮಿಗೆ ಬಗ್ಗಿದ್ದವನ ಕಾಲರ್ ಹಿಡಿದು ಮೇಲೆತ್ತಿದೆ. ಗುದ್ದಾಡುತ್ತಾನೆ ಅಂದುಕೊಂಡಿದ್ದೆ. ಅವನು ಎದುರಿನ ಗೂಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ರೊಂಬ ಥ್ಯಾಂಕ್ಸ್ ಮಚ್ಚಾ," ಎಂದು ಗೆರೆಯಾಚೆ ಓಡಿದ.

ಕೋಚ್ ಕಿರುಚುತ್ತಿದ್ದರು. ನನ್ನನ್ನು ಹೊರಗೆಳೆಯಬೇಕಾದರೆ ಅಲ್ಲಿಗೆ ಇನ್ನೊಬ್ಬನನ್ನು ಕಳಿಸಬೇಕಲ್ಲ. ಅವರು ಬೆಂಚಿನ ಕಡೆ ತಿರುಗಿದ್ದನ್ನು ನಾನು ಸ್ಕ್ರಮ್ಮಿಗೆ ಬಗ್ಗುವ ಮುಂಚೆ ಕಂಡೆ. ಅಷ್ಟು ಹೊತ್ತು ನಗುತ್ತಿದ್ದವರೆಲ್ಲ ತಲೆ ತಗ್ಗಿಸಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಡಿಗ್ರಿ ಕೈಗೆ ಬರುವವರೆಗೂ ಆ ಜಾಗ ಬಿಟ್ಟುಕೊಡು ಎಂದು ನನ್ನನ್ನು ಯಾರೂ ಕೇಳಲಿಲ್ಲ.