ಕಲ್ಲಿಗೆ ಕನ್ನಡಿ ಹಿಡಿಯುವ ಚನ್ನಬಸಯ್ಯ

ಬೆಳಗಿನ ಆರೂಕಾಲು. ಕೆನಡಾದ ಪಿಕರಿಂಗ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಕಿನ್‌ವುಡ್ ಎಂಬ ಹಳ್ಳಿಯ ಹಳೆಯ ಸ್ಮಶಾನದಲ್ಲಿ ಅರವತ್ತೇಳರ ಚನ್ನಬಸಯ್ಯ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿದ್ದಾರೆ. ಕೈಯಲ್ಲಿ ಮಗಳ ಹಳೇ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ. ಗೋವಿನಜೋಳದ ಹೊಲ ದಾಟಿ ಬಂದ ಬಿಸಿಲನ್ನು ಅದರಲ್ಲಿ ಹಿಡಿದು ಸಮಾಧಿಕಲ್ಲಿನ ಮೇಲೆ ಓರೆಯಾಗಿ ಬಿಡುತ್ತಾರೆ. ಸವೆದ ಅಕ್ಷರ ನೇರ ಬೆಳಕಿಗೆ ಕಾಣುವುದಿಲ್ಲ, ಓರೆ ಬೆಳಕಿಗೆ ನೆರಳಾಗಿ ಏಳುತ್ತದೆ. ಬಿಸಿಲು ಮೇಲೇರಿತೋ, ಆ ದಿನದ ಓದು ಮುಗಿಯಿತು.

ಇಲ್ಲಿರುವುದು ನೂರ ನಲವತ್ತಮೂರು ಕಲ್ಲು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹುಲ್ಲು ಕತ್ತರಿಸುವುದು, ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದು, ದಿನಕ್ಕೆ ಮೂರನ್ನು ತೊಳೆಯುವುದು ಟೌನ್‌ಶಿಪ್ಪಿನವರು, ಅಂದರೆ ಇಲ್ಲಿನ ಪಂಚಾಯಿತಿಯವರು, ಕೊಟ್ಟ ಕೆಲಸ. ನಲ್ಲಿ ಇಲ್ಲ. ಆರು ಕ್ಯಾನು ನೀರು ಮನೆಯಿಂದಲೇ ಬರಬೇಕು.

ಬೈಲಹೊಂಗಲದ ಕಡೆಯ ಈ ಜಂಗಮರ ಮನೆಯ ಮನುಷ್ಯ ಮಾರ್ಕಮ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ದುಡಿದು, ಸೊಂಟ ಹಿಡಿದ ಮೇಲೆ ಬಿಟ್ಟವರು. ಸ್ಮಶಾನದ ಕೆಲಸ ಹಿಡಿದಾಗ ಹೆಂಡತಿ ವಾರಗಟ್ಟಲೆ ಗೊಣಗಿದರಂತೆ.

"ಅಯ್ಯನಾರು ಕೆನಡಾಕ್ಕ ಬಂದು ಗೋರಿ ತೊಳ್ಯಾಕ ಹೊಂಟಾರು ಅಂತಿದ್ಲು. ನಾ ಅಂದ್ಯಾ, ನಾವೂ ಹೂಳಾವ್ರ ಅಲ್ಲೇನಬೇ, ಮಣ್ಣಿಗ್ಯಾತರ ಮಡಿ."

ಕಿನ್‌ವುಡ್‌ನ ಹುಟ್ಟಿನ ಬಗ್ಗೆ ರಸ್ತೆಬದಿಯ ಫಲಕ ಒಂದೇ ಮಾತು ಹೇಳುತ್ತದೆ: ಗಿರಣಿಯ ಮಾಲೀಕ ಬಂದ, ಊರು ಕಟ್ಟಿದ. ಚನ್ನಬಸಯ್ಯ ಒಪ್ಪುವುದಿಲ್ಲ. "ಗಿರಣಿ ಒಬ್ಬಾಂವ ಕಟ್ಟಿದಾ ಅನ್ನೋಣು. ಬೀಸಾಕ ಕಾಳ ತಂದವ್ರು ಯಾರ್ರಿ?" ಉತ್ತರ ಕಲ್ಲುಗಳಲ್ಲಿದೆ. ಹೆಸರಿನ ಕೆಳಗೆ ಹುಟ್ಟೂರು ಕೆತ್ತಿಸಿದ್ದಾರೆ. ಮೊದಲು ಬಂದ ಹನ್ನೆರಡು ಮನೆಗಳಲ್ಲಿ ಐರ್ಲೆಂಡಿನವರು ಐದು, ಸ್ಕಾಟ್ಲೆಂಡಿನವರು ನಾಲ್ಕು, ಪೆನ್ಸಿಲ್ವೇನಿಯಾದಿಂದ ಬಂಡಿ ಕಟ್ಟಿಕೊಂಡು ಬಂದ ಜರ್ಮನ್ ಮಾತಿನವರು ಎರಡು. "ನಮ್ಮ ಕಡೆ ಯಾರರ ಬಂದ್ರ ನೀರ ಕೊಟ್ಟು ಮೊದ್ಲ ಕೇಳೋದ ಯಾವೂರ್ರಿ ನಿಮ್ದು ಅಂತ. ಇವ್ರು ಕೇಳೂಕಿಂತ ಮುಂಚೇನ ಹೇಳ್ಯಾರ."

ಹನ್ನೆರಡನೆಯ ಮನೆ ಮಾರ್ಗರೆಟ್‌ದು. ೧೮೫೧ರಲ್ಲಿ ಸತ್ತ ವಿಧವೆ. ಚನ್ನಬಸಯ್ಯನವರ ಸಂಕಟವೂ ಅವಳೇ. ಕೆಲಸಕ್ಕೆ ಬಂದ ಮೊದಲ ವಾರ, ಯಾರನ್ನೂ ಕೇಳದೆ, ಅವಳ ಅಮೃತಶಿಲೆಯನ್ನು ಹಿತ್ತಾಳೆ ಕೊಡ ಬೆಳಗಿದಂತೆ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರು. ಹಾವಸೆ ಹೋಯಿತು. ಜೊತೆಗೆ ಕೊನೆಯ ಸಾಲೂ ಹೋಯಿತು. "ಸಕ್ಕರಿ ಉದುರಿದಂಗ ಉದುರಿತ್ರಿ. ಹೆಸರು ಉಳೀತು, ಊರು ಹೋತು." ಚರ್ಚಿನ ದಾಖಲೆ ಎಂದೋ ಸುಟ್ಟಿದೆ, ಫೋಟೋ ಯಾರೂ ತೆಗೆದಿರಲಿಲ್ಲ. ಅಂದಿನಿಂದ ಮೆತ್ತನೆಯ ಬ್ರಷ್ಷು, ಬರೀ ನೀರು, ಈ ಕನ್ನಡಿ. ಮೂರು ಬೇಸಿಗೆಯಲ್ಲಿ ದಕ್ಕಿದ್ದು ಎರಡೇ ಅಕ್ಷರ.

ಟೌನ್‌ಶಿಪ್ ಈಗ ಮೊದಲು ಬಂದ ಹನ್ನೆರಡೂ ಮನೆಯವರ ಹೆಸರು, ಹುಟ್ಟೂರು ಇರುವ ಹೊಸ ಫಲಕ ಹಾಕಿಸುತ್ತಿದೆ. ಅದರ ಪಟ್ಟಿ ಹಿಡಿದು ಕಚೇರಿಯ ಸುಜಾತಾ ಕಾರಿನಿಂದ ಇಳಿಯುತ್ತಾರೆ. ಬೆಂಗಳೂರಿನ ಬಸವನಗುಡಿಯವರು.

"ಫ್ರೈಡೇ ಪ್ರಿಂಟಿಗೆ ಹೋಗತ್ತೆ ಅಯ್ನೋರೇ. ಏನಾದ್ರೂ ಸಿಕ್ತಾ?"

"ಎರಡರ ಮ್ಯಾಲೆ ಒಂದೂ ಎದ್ದಿಲ್ರಿ."

"ಹಂಗಾದ್ರೆ 'ಅನ್‌ನೋನ್' ಅಂತ ಹಾಕಿಬಿಡ್ತೀನಿ. ಯಾರೂ ನಿಮ್ಮನ್ನ ಬೈಯಲ್ಲ."

ಚನ್ನಬಸಯ್ಯ ಕನ್ನಡಿಯನ್ನು ಹುಲ್ಲಿನ ಮೇಲೆ ಬೋರಲು ಇಡುತ್ತಾರೆ.

"ಹಾಕಬ್ಯಾಡ್ರಿ ಅಕ್ಕಾರ. ಗೊತ್ತಿಲ್ಲ ಅನ್ನಾಕ ಆಕಿ ಏನು ಊರಿಲ್ದಾಕಿ ಅಲ್ಲ. ಆಕಿ ಬರಿಸಿದ್ಲು, ನಾ ಅಳಿಸೀನಿ."

"ಮತ್ತೆ ಏನು ಬರೀಲಿ?"

"ಏನೂ ಬರೀಬ್ಯಾಡ್ರಿ. ಒಂದೂರು ಹಿಡಿಯೋವಷ್ಟು ಜಾಗಾ ಖಾಲಿ ಬಿಡ್ರಿ."

ಸುಜಾತಾ ಪಟ್ಟಿಯ ಹನ್ನೆರಡನೆಯ ಸಾಲಿನಲ್ಲಿ ಮೊದಲೇ ಬರೆದಿಟ್ಟಿದ್ದ 'ಅನ್‌ನೋನ್' ಪದವನ್ನು ಹೊಡೆದುಹಾಕುತ್ತಾರೆ. ಚನ್ನಬಸಯ್ಯ ಆಗಲೇ ಕನ್ನಡಿ ಎತ್ತಿಕೊಂಡಿದ್ದಾರೆ.

"ಸ್ವಲ್ಪ ಆಚೀಗೆ ಸರೀರಿ ಅಕ್ಕಾರ. ಬಿಸಿಲಿಗೆ ಅಡ್ಡ ನಿಂತೀರಿ."